ಶಿವಮೊಗ್ಗದ ದುರ್ಗಿಗುಡಿ ಹಲ್ಲಿನ ಕ್ಲಿನಿಕ್ – ಬುದ್ಧಿಹಲ್ಲು ತೆಗೆಸಿದ ಮೇಲೆ ಇವ್ರು ನೋಡ್ಕೊಂಡ ರೀತಿಗೆ 4 ಸ್ಟಾರ್

ಇಲ್ಲಿ ಬೇರೆಯವರು ಹಾಕಿರೋ ರಿವ್ಯೂ ಎಲ್ಲಾ ಓದಿದೆ, ಪೇನ್‌ಲೆಸ್ ಆಗಿ ತೆಗೆದ್ರು, ಡಾಕ್ಟ್ರು ಚೆನ್ನಾಗಿ ಮಾತಾಡ್ತಾರೆ, ಅಷ್ಟೇ ಇದೆ. ಇಂಜೆಕ್ಷನ್ ಕೊಟ್ಟ ಮೇಲೆ ಯಾವ ಕ್ಲಿನಿಕ್‌ನಲ್ಲಿ ಕಿತ್ರೂ ನೋವು ಗೊತ್ತಾಗಲ್ಲ ಕಣ್ರೀ. ನಿಜವಾದ ಪಾಡು ಶುರುವಾಗೋದು ಮರಗಟ್ಟಿದ್ದು ಬಿಟ್ಟ ಮೇಲೆ, ಮನೆಗೆ ಹೋದ ಮೇಲೆ, ರಾತ್ರಿ ದಿಂಬಿಗೆ ತಲೆ ಇಟ್ಟಾಗ. ಆಗ ಏನು ಮಾಡ್ಬೇಕು, ಏನು ಮಾಡ್ಬಾರ್ದು ಅಂತ ಸರಿಯಾಗಿ ಹೇಳಿ ಕಳ್ಸಿದಾರಾ ಇಲ್ವಾ, ನನ್ನ ಪ್ರಕಾರ ಕ್ಲಿನಿಕ್‌ನ ಅಳೀಬೇಕಾದ್ದು ಅದ್ರಲ್ಲಿ. ಅದಕ್ಕೇ ಉದ್ದ ಬರೀತಿದೀನಿ, ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯಿಂದ ಬರೋರಿಗೆ ಉಪಯೋಗ ಆಗ್ಲಿ.

ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗೋ ದಾರೀಲಿ ಒಳಗೆ. ಕೆಳಗಿನ ಎಡಗಡೆ ಬುದ್ಧಿಹಲ್ಲು ನೆಟ್ಟಗೆ ಬರದೆ ಅಡ್ಡ ಮಲಗಿ ಮುಂದಿನ ದವಡೆ ಹಲ್ಲನ್ನ ಒತ್ತುತ್ತಾ ಇತ್ತು, ಮೇಲೆ ವಸಡು ಅರ್ಧ ಮುಚ್ಕೊಂಡು ಅದ್ರೊಳಗೆ ಅನ್ನ ಸಿಕ್ಕೊಂಡು ಪದೇಪದೇ ಊದ್ಕೊಳ್ಳೋದು. ಊರಿನ ಡಾಕ್ಟ್ರು ನೋಡಿ ಇದಕ್ಕೆ ಸರ್ಜನ್ನೇ ಬೇಕು, ಶಿವಮೊಗ್ಗಕ್ಕೆ ಹೋಗಿ ಅಂದ್ರು. ಇಲ್ಲಿ ವಾರದಲ್ಲಿ ಗೊತ್ತಾದ ದಿನ ಮಾತ್ರ ಸರ್ಜನ್ ಬರ್ತಾರೆ, ಫೋನ್ ಮಾಡಿ ಕೇಳ್ಕೊಂಡೇ ಬನ್ನಿ. ಮೊದಲು ಇಡೀ ದವಡೆದು ಓಪಿಜಿ ಎಕ್ಸ್‌ರೇ ತೆಗೆಸ್ಬೇಕು, ಅದು ಇಲ್ಲಿ ಇಲ್ಲ, ಬೇರೆ ಸೆಂಟರ್‌ಗೆ ಕಳಿಸ್ತಾರೆ. ಮಳೇಲಿ ಫೈಲ್ ಹಿಡ್ಕೊಂಡು ಓಡಾಡೋದು ಕಿರಿಕಿರಿ, ಅದೊಂದು ಮೈನಸ್.

ನನಗೆ ಹಿಡಿಸಿದ್ದು ಕುರ್ಚಿಗೆ ಕೂರಿಸೋಕೆ ಮುಂಚೆ ಕೇಳಿದ ಪ್ರಶ್ನೆಗಳು. ಬಿಪಿ ಇದ್ಯಾ, ಶುಗರ್ ಇದ್ಯಾ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ತೀರಾ, ಯಾವ್ದಾದ್ರೂ ಔಷಧಿ ಅಲರ್ಜಿ ಇದ್ಯಾ, ಇವೆಲ್ಲಾ ಎಲ್ಲರೂ ಕೇಳ್ತಾರೆ. ಇವ್ರು ಮುಂದೆ ಹೋಗಿ, ತಿಂಡಿ ತಿಂದು ಬಂದಿದೀರಾ, ಜೊತೇಲಿ ಯಾರು ಬಂದಿದಾರೆ, ಬಸ್ಸಾ ಕಾರಾ, ಮನೆ ತಲುಪೋಕೆ ಎಷ್ಟು ಹೊತ್ತಾಗುತ್ತೆ, ಊರಲ್ಲಿ ನೆಟ್‌ವರ್ಕ್ ಸಿಗುತ್ತಾ, ಕವಳ (ಎಲೆ ಅಡಿಕೆ) ಹಾಕ್ತೀರಾ ಅಂತೆಲ್ಲಾ ಕೇಳಿ ಬರ್ಕೊಂಡ್ರು. ಎಂತಕ್ಕೆ ಇಷ್ಟೆಲ್ಲಾ ಅಂತ ಆಗ ಅನ್ನಿಸ್ತು, ಆಮೇಲೆ ಒಂದೊಂದೂ ಉಪಯೋಗಕ್ಕೆ ಬಂತು.

ಹಲ್ಲು ತೆಗೆದ ವಿಷಯ ಬೇಗ ಮುಗಿಸ್ತೀನಿ. ಇಂಜೆಕ್ಷನ್ ಚುಚ್ಚಿದ್ದು ಒಂದು ಕ್ಷಣ ಚುರುಕ್ ಅಂತು, ಆಮೇಲೆ ತುಟಿ ಅರ್ಧ ಇಲ್ಲವೇ ಇಲ್ಲ ಅನ್ನೋ ಹಾಗಾಯ್ತು. ವಸಡು ಬಿಡಿಸಿ, ಸುತ್ತ ಮೂಳೆ ಸ್ವಲ್ಪ ಕೊರೆದು, ಹಲ್ಲನ್ನ ತುಂಡು ಮಾಡಿ ತೆಗೆದ್ರು, ಒತ್ತಿದ್ದು ಗೊತ್ತಾಗುತ್ತೆ, ಶಬ್ದ ಕೇಳುತ್ತೆ, ನೋವಿಲ್ಲ. ಹೊಲಿಗೆ ಹಾಕಿ ಹತ್ತಿ ಬಟ್ಟೆ ಮಡಚಿ ಇಟ್ಟು ಗಟ್ಟಿಯಾಗಿ ಕಚ್ಚಿ ಹಿಡ್ಕೊಳ್ಳಿ ಅಂದ್ರು.

ಇಲ್ಲಿಂದ ಮುಂದೆ ನೋಡಿ ಇವರ ಕೆಲಸ. ಬೇರೆ ಕಡೆ ಆದ್ರೆ ಚೀಟಿ ಬರ್ದು ಕೈಗೆ ಕೊಟ್ಟು ಹೋಗಿ ಬನ್ನಿ ಅಂತಾರೆ. ಇಲ್ಲಿ ಒಳಗಡೆ ಪುಟ್ಟ ರೂಮಲ್ಲಿ ಕೂರಿಸಿದ್ರು, ನನ್ನ ಜೊತೆ ಬಂದಿದ್ದ ಅತ್ತಿಗೇನೂ ಕರೆದ್ರು, ಯಾಕಂದ್ರೆ ನನಗೆ ಮಾತಾಡೋಕೆ ಆಗಲ್ಲ, ತಲೆಗೆ ಏನೂ ಹತ್ತಲ್ಲ, ಕೇಳಿಸ್ಕೊಳ್ಳೋರು ಇನ್ನೊಬ್ರು ಬೇಕು. ಅಲ್ಲಿರೋ ಸಿಸ್ಟರ್ ಒಬ್ರು ನಡುವಯಸ್ಸಿನವ್ರು, ಅವಸರ ಇಲ್ಲ, ದಪ್ಪ ಅಕ್ಷರದ ಕನ್ನಡದ ಹಾಳೆ ಒಂದನ್ನ ಮುಂದೆ ಇಟ್ಟು ಪ್ರತಿ ಸಾಲಿನ ಕೆಳಗೂ ಪೆನ್ನಲ್ಲಿ ಗೆರೆ ಹಾಕ್ತಾ, ಯಾಕೆ ಅಂತ ಕಾರಣ ಸಮೇತ ಹೇಳ್ತಾ ಹೋದ್ರು. ಕಾರಣ ಹೇಳಿದ್ದೇ ದೊಡ್ಡದು ನನಗೆ. ಹಲ್ಲು ಕಿತ್ತ ಗುಂಡೀಲಿ ರಕ್ತ ಹೆಪ್ಪುಗಟ್ಟಿ ಕೂರ್ಬೇಕು, ಕೆಳಗಿರೋ ಮೂಳೆಗೆ, ನರಕ್ಕೆ ಅದೇ ಮುಚ್ಚಳ, ಅದು ಕಿತ್ತು ಬಂತೋ ಮೂಳೆ ಬರಿದಾಗಿ ತಡಿಯೋಕಾಗದ ನೋವು ಶುರುವಾಗುತ್ತೆ, ಅದಕ್ಕೆ ಡ್ರೈ ಸಾಕೆಟ್ ಅಂತಾರೆ. ಮೊದಲ ದಿನ ಉಗೀಬೇಡಿ, ಬಾಯಿ ಮುಕ್ಕಳಿಸ್ಬೇಡಿ, ಸ್ಟ್ರಾ ಹಾಕಿ ಹೀರ್ಬೇಡಿ ಅನ್ನೋದೆಲ್ಲಾ ಈ ಹೆಪ್ಪು ಉಳಿಸೋಕೆ. ಇಷ್ಟು ಗೊತ್ತಾದ್ರೆ ಬಾಕಿ ನಿಯಮ ಯಾರೂ ಬಾಯಿಪಾಠ ಮಾಡ್ಬೇಕಾಗಿಲ್ಲ, ತಾನಾಗೇ ಹೊಳೆಯುತ್ತೆ. ದಾರೀಲಿ ಎಳನೀರು ಕುಡೀಬಹುದಾ ಅಂತ ಅತ್ತಿಗೆ ಕೇಳಿದ್ರು, ಕುಡೀರಿ, ಆದ್ರೆ ಲೋಟಕ್ಕೆ ಬಗ್ಗಿಸ್ಕೊಂಡು ಕುಡೀರಿ ಅಂದ್ರು.

ಹತ್ತಿ ಅರ್ಧ ಮುಕ್ಕಾಲು ಗಂಟೆ ಕಚ್ಕೊಂಡಿರ್ಬೇಕು, ನಡುನಡುವೆ ತೆಗೆದು ನೋಡ್ಬಾರ್ದು, ಜೊಲ್ಲು ಬಂದ್ರೆ ನುಂಗ್ಬೇಕು. ಆ ಹೊತ್ತು ಪೂರ್ತಿ ನನ್ನನ್ನ ಅಲ್ಲೇ ಕೂರಿಸ್ಕೊಂಡು, ಆಮೇಲೆ ಡಾಕ್ಟ್ರು ಬಂದು ಟಾರ್ಚ್ ಹಾಕಿ ನೋಡಿ, ರಕ್ತ ನಿಂತಿದೆ ಅಂತ ಖಾತ್ರಿ ಆದ ಮೇಲೇ ಬಿಟ್ಟಿದ್ದು. ತೀರ್ಥಹಳ್ಳಿ ಬಸ್ಸಿಗೆ ಹೋಗೋರು ಇವ್ರು, ಇನ್ನೂ ಸ್ವಲ್ಪ ಹೊತ್ತು ಕೂರ್ಲಿ ಅಂತ ಸಿಸ್ಟರ್ರೇ ಹೇಳಿದ್ದು. ಒಂದು ಕವರಲ್ಲಿ ಸ್ಟೆರೈಲ್ ಗಾಜ್ (ಕಚ್ಚಿ ಹಿಡಿಯೋ ಆ ಹತ್ತಿ ಬಟ್ಟೆ) ಎಕ್ಸ್‌ಟ್ರಾ ಹಾಕಿ ಕೊಟ್ರು, ದಾರೀಲಿ ರಕ್ತ ಜಿನುಗಿದ್ರೆ ಮಡಚಿ ಇಟ್ಟು ಮತ್ತೆ ಅರ್ಧ ಗಂಟೆ ಕಚ್ಚಿ, ಎಂಜಲಲ್ಲಿ ಸ್ವಲ್ಪ ರಕ್ತ ಬೆರೆತ್ರೂ ಬಾಯಿ ತುಂಬ ರಕ್ತ ಅಂತ ಕಾಣುತ್ತೆ, ಹೆದರ್ಬೇಡಿ ಅಂದ್ರು. ಮಂಡಗದ್ದೆ ದಾಟೋ ಹೊತ್ತಿಗೆ ಕರ್ಚೀಫಿನಲ್ಲಿ ಗುಲಾಬಿ ಬಣ್ಣ ಕಂಡಾಗ ಅತ್ತಿಗೆ ಬೆಚ್ಚಿ ಬೀಳದೆ ಗಾಜ್ ತೆಗ್ದು ಕೊಟ್ರು ಅಂದ್ರೆ ಅದು ಆ ಮಾತಿನ ಪುಣ್ಯ.

ಐಸ್ ವಿಷಯ ಹೇಳ್ಲೇಬೇಕು. ಮೊದಲ ದಿನ ಕೆನ್ನೆಗೆ ಹೊರಗಡೆಯಿಂದ ಬಟ್ಟೇಲಿ ಸುತ್ತಿದ ಐಸ್‌ಪ್ಯಾಕ್ ಹದಿನೈದು ನಿಮಿಷ ಇಡೋದು, ಹದಿನೈದು ನಿಮಿಷ ಬಿಡೋದು. ಎಲ್ಲಾ ಕಡೆ ಇದೇ ಹೇಳ್ತಾರೆ, ಆದ್ರೆ ಈ ಸಿಸ್ಟರ್ ಕೇಳಿದ್ದು, ನಿಮ್ಮಲ್ಲಿ ಕರೆಂಟ್ ಇರುತ್ತಾ? ಈ ಮಳೇಲಿ ನಮ್ಮ ಕಡೆ ಒಂದು ಮರ ಬಿದ್ರೆ ಲೈನ್ ಸರಿ ಆಗೋ ತನಕ ಫ್ರಿಜ್ಜು ಬರೀ ಬೀರು ಇದ್ದ ಹಾಗೆ. ಅದಕ್ಕೆ ಅವ್ರೇ ಹೇಳ್ಕೊಟ್ರು, ಐಸ್ ಇಲ್ಲ ಅಂದ್ರೆ ಚಿಂತೆ ಬೇಡ, ಬಾವಿ ನೀರಲ್ಲಿ ಟವೆಲ್ ಅದ್ದಿ ಹಿಂಡಿ ಇಟ್ಕೊಳ್ಳಿ, ಬಿಸಿ ಆದ ಹಾಗೆ ಬದಲಾಯಿಸ್ತಾ ಇರಿ, ಐಸ್‌ನಷ್ಟು ಅಲ್ಲದಿದ್ರೂ ಹಿತ ಆಗುತ್ತೆ. ಕೆಳಗಡೆ ಮೆಡಿಕಲ್‌ನಲ್ಲಿ ನೀಲಿ ಜೆಲ್ ಪ್ಯಾಕ್ ಸಿಗುತ್ತೆ, ಅವ್ರ ಹತ್ರ ಫ್ರೀಜರಲ್ಲಿಟ್ಟಿದ್ದೇ ಇರುತ್ತೆ, ಅದನ್ನ ತಗೊಂಡ್ವಿ. ಅದಕ್ಕೂ ಒಂದು ರಿವ್ಯೂ: ಗಟ್ಟಿ ಕಲ್ಲಾಗಲ್ಲ, ಕೆನ್ನೆ ಆಕಾರಕ್ಕೆ ಬಗ್ಗುತ್ತೆ, ಬಸ್ಸಲ್ಲಿ ಟವೆಲ್ ಸುತ್ತಿ ಹಿಡ್ಕೊಂಡಿದ್ದೆ, ಗಾಜನೂರು ದಾಟಿದ ಮೇಲೂ ತಣ್ಣಗಿತ್ತು. ಬಟ್ಟೆ ಸುತ್ತದೆ ನೇರವಾಗಿ ಚರ್ಮಕ್ಕೆ ಇಡ್ಬೇಡಿ, ಮರಗಟ್ಟಿರೋ ಕೆನ್ನೆಗೆ ಚಳಿ ಗೊತ್ತಾಗದೆ ಚರ್ಮ ಸುಟ್ಟ ಹಾಗೆ ಆಗ್ಬಹುದು.

ಮಾತ್ರೆ ಪಟ್ಟಿಗಳ ಮೇಲೇ ಮಾರ್ಕರ್‌ನಲ್ಲಿ ಬೆಳಿಗ್ಗೆ ರಾತ್ರಿ ಊಟ ಆದ್ಮೇಲೆ ಅಂತ ಕನ್ನಡದಲ್ಲಿ ಬರೆದು ಕೊಟ್ರು. ನೋವಿನ ಮಾತ್ರೆ ನೋವು ಬಂದ ಮೇಲೆ ತಗೊಳ್ಳೋಣ ಅಂತ ಕಾಯ್ಬೇಡಿ, ಮರಗಟ್ಟಿದ್ದು ಬಿಡೋಕೆ ಮುಂಚೆ ಮೊದಲ ಡೋಸ್ ಹೊಟ್ಟೆಗೆ ಹೋಗಿರ್ಬೇಕು ಅಂದ್ರು, ಇದು ಬಂಗಾರದಂಥ ಮಾತು. ಆಸ್ಪಿರಿನ್ ನೀವಾಗೇ ತಗೊಳ್ಬೇಡಿ, ರಕ್ತ ನಿಲ್ಲಲ್ಲ, ಹಾಗಂತ ಹಾರ್ಟ್ ಡಾಕ್ಟ್ರು ಕೊಟ್ಟಿರೋ ಮಾತ್ರೇನ ನೀವೇ ನಿಲ್ಸೋದೂ ಬೇಡ, ಕೇಳಿ ಮಾಡಿ. ಆಂಟಿಬಯೋಟಿಕ್ ಎಲ್ಲರಿಗೂ ಕೊಡಲ್ವಂತೆ, ನಂದು ಪದೇಪದೇ ಕೀವಾಗಿದ್ದು, ಮೂಳೆನೂ ಕೊರೆದಿದ್ದಕ್ಕೆ ಅಮಾಕ್ಸಿಸಿಲಿನ್ ಜೊತೆ ಮೆಟ್ರೋನಿಡಜೋಲ್ ಕೊಟ್ರು. ಈ ಮೆಟ್ರೋನಿಡಜೋಲ್ ತಗೊಂಡ್ರೆ ಬಾಯೆಲ್ಲಾ ತಾಮ್ರದ ಚೊಂಬು ನೆಕ್ಕಿದ ರುಚಿ, ಕಾಫಿನೂ ಸೇರಲ್ಲ, ಮಾತ್ರೆ ಮುಗಿದ ಮೇಲೆ ಸರಿ ಹೋಗುತ್ತೆ. ಅದ್ರ ಜೊತೆ ಎಣ್ಣೆ ಹಾಕೋ ಹಾಗಿಲ್ಲ, ಗಂಡಸರಿಗೆ ಇದನ್ನ ಎರಡು ಸಲ ಹೇಳ್ತಾರೆ ಅಂತ ಸಿಸ್ಟರ್ ಅಂದ್ರು.

ಸಾಯಂಕಾಲ ಫೋನ್ ಬಂತು! ನಮ್ಮನೇಲಿ ಮೊಬೈಲ್ ಸಿಗ್ನಲ್ ಇಲ್ಲ ಅಂತ ಬೆಳಿಗ್ಗೇನೆ ಹೇಳಿದ್ದಕ್ಕೆ ವಾಟ್ಸಾಪ್ ಕಾಲ್ ಮಾಡಿದ್ರು, ವೈಫೈಲಿ. ರಕ್ತ ನಿಂತಿದ್ಯಾ, ತುಟಿಗೆ ನಾಲಿಗೆಗೆ ಸ್ಪರ್ಶ ಬಂತಾ, ಏನಾದ್ರೂ ಕುಡಿದ್ರಾ. ಕೆಳಗಿನ ಹಲ್ಲಿನ ಬೇರಿನ ಪಕ್ಕದಲ್ಲೇ ತುಟಿಗೆ ಹೋಗೋ ನರ ಇರುತ್ತೆ, ಇಂಜೆಕ್ಷನ್ ಮರಗಟ್ಟು ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೇಲಿ ಬಿಡುತ್ತೆ, ಮಾರನೇ ದಿನಾನೂ ಬಿಟ್ಟಿಲ್ಲ ಅಂದ್ರೆ ಹೇಳ್ಬೇಕು ಅಂತ ಅದನ್ನ ಕೇಳೋದು. ತಲೆ ಕೆಳಗೆ ಎರಡು ದಿಂಬು ಹಾಕಿ ಸ್ವಲ್ಪ ಎತ್ತರಕ್ಕೆ ಮಲಗಿ ಅಂತ ನೆನಪು ಮಾಡಿದ್ರು. ಒಂದು ನಿಮಿಷದ ಮಾತು, ಆದ್ರೆ ಆ ಒಂದು ಫೋನಿಂದ ಮನೆಯವರೆಲ್ಲಾ ಸಮಾಧಾನವಾಗಿ ಮಲಗಿದ್ರು.

ಊಟದ ವಿಷಯದಲ್ಲಿ ಹಾಳೆ ಸರಿ ಇಲ್ಲ, ದಯವಿಟ್ಟು ಕ್ಲಿನಿಕ್‌ನವರು ಇದನ್ನ ಬದಲಾಯಿಸಿ. ಐಸ್‌ಕ್ರೀಂ, ಮಿಲ್ಕ್‌ಶೇಕ್, ಕಸ್ಟರ್ಡ್, ಸ್ಮೂದಿ ಅಂತ ಇದೆ, ಹಳ್ಳೀಲಿ ದಿನಾ ಯಾರು ಮಾಡ್ಕೊಡ್ತಾರೆ ಅದನ್ನೆಲ್ಲಾ, ಶುಗರ್ ಇರೋರು ಏನು ಮಾಡ್ಬೇಕು. ನಮ್ಮ ಅಡುಗೆ ಮನೇಲೇ ಇದಕ್ಕೆ ಬೇಕಾಗಿದ್ದೆಲ್ಲಾ ಇದೆ. ಅಮ್ಮ ಮಾಡ್ಕೊಟ್ಟಿದ್ದು ಬರೀತೀನಿ, ಬೇಕಾದ್ರೆ ಪ್ರಿಂಟ್ ಹಾಕ್ಸಿ. ಮೊದಲ ದಿನ ತಣ್ಣಗಾದ ಅಕ್ಕಿಗಂಜಿ, ಕೈಯಲ್ಲಿ ಕಿವುಚಿ ನುಣ್ಣಗೆ ಮಾಡಿ ಒಂದು ಹರಳು ಉಪ್ಪು ಹಾಕಿದ್ದು. ರಾಗಿ ಅಂಬಲಿಗೆ ಮಜ್ಜಿಗೆ ಸೇರಿಸಿದ್ದು. ಒಂದೆಲಗದ ತಂಬುಳಿ, ಆದ್ರೆ ಮೆಣಸು ಜೀರಿಗೆ ಬಿಟ್ಟು, ರುಬ್ಬಿ ಸೋಸಿ, ಮತ್ತೆ ಮುಖ್ಯವಾಗಿ ಒಗ್ಗರಣೆ ಇಲ್ಲದೆ. ಒಗ್ಗರಣೆ ಸಾಸಿವೆ ಕಾಳು ಒಂದು ಆ ಗುಂಡಿಯೊಳಗೆ ಹೋಗಿ ಕೂತ್ರೆ ಮುಗೀತು, ನಾಲಿಗೆಗೆ ಸಿಗುತ್ತೆ, ಹೊರಗೆ ಬರಲ್ಲ. ಆಮೇಲೆ ಬೇಳೆಕಟ್ಟು, ಹಾಲಲ್ಲಿ ನೆನೆಸಿದ ಇಡ್ಲಿ, ಚೆನ್ನಾಗಿ ಕಳಿತ ಬಾಳೆಹಣ್ಣು ಕಿವುಚಿದ್ದು, ಮೊಟ್ಟೆ ತಿನ್ನೋರಿಗೆ ಮೆತ್ತಗೆ ಬೇಯಿಸಿದ ಮೊಟ್ಟೆ. ಕಡುಬು ಎರಡು ಮೂರು ದಿನ ಬಿಟ್ಟು ಸಾರಲ್ಲಿ ಕರಗಿಸ್ಕೊಂಡು ಇನ್ನೊಂದು ಬದಿ ಹಲ್ಲಲ್ಲಿ ತಿನ್ಬಹುದು. ಹಲಸಿನ ಹಪ್ಪಳ, ಚಕ್ಕುಲಿ, ಒಣ ರೊಟ್ಟಿ, ಮಿಡಿ ಉಪ್ಪಿನಕಾಯಿ ಕಡೆ ತಲೆ ಹಾಕ್ಬೇಡಿ. ಬಿಸಿ ಬಿಸಿ ಕಷಾಯ ಮೊದಲ ದಿನ ಬೇಡವೇ ಬೇಡ, ಹೊರಗೆ ಜಡಿಮಳೆ ಹೊಯ್ತಿರುವಾಗ ತಣ್ಣಗೆ ಕುಡಿಯೋದು ಕಷ್ಟ, ಗೊತ್ತು, ಆದ್ರೂ ಉಗುರುಬೆಚ್ಚಗೆಗಿಂತ ಜಾಸ್ತಿ ಬೇಡ.

ಎರಡನೇ ಮೂರನೇ ದಿನ ಊತ ಜಾಸ್ತಿ ಆಗುತ್ತೆ, ಇದನ್ನ ಮೊದಲೇ ಹೇಳಿದ್ದು ಒಳ್ಳೇದಾಯ್ತು. ಆಪರೇಷನ್ ಆದ ದಿನಕ್ಕಿಂತ ಆಮೇಲೆ ಮುಖ ದಪ್ಪ ಕಂಡ್ರೆ ಯಾರಿಗಾದ್ರೂ ಎದೆ ಧಸಕ್ ಅನ್ನುತ್ತೆ, ಆದ್ರೆ ಊತ ತುದಿ ಮುಟ್ಟೋದೇ ನಲವತ್ತೆಂಟರಿಂದ ಎಪ್ಪತ್ತೆರಡು ಗಂಟೆ ಒಳಗೆ, ಆಮೇಲೆ ಇಳಿಯೋಕೆ ಶುರು. ಬಾಯಿ ಪೂರ್ತಿ ತೆರೆಯೋಕೂ ಆಗಲ್ಲ, ದವಡೆ ಸ್ನಾಯು ಬಿಗಿದಿರುತ್ತೆ. ಐಸ್ ನಿಲ್ಲಿಸಿ ಬಿಸಿನೀರಿನ ಬಟ್ಟೆ ಶಾಖ ಕೊಟ್ರೆ ಹಾಯ್ ಅನ್ಸುತ್ತೆ.

ಇಪ್ಪತ್ನಾಲ್ಕು ಗಂಟೆ ಕಳೆದ ಮೇಲೆ ಉಪ್ಪು ನೀರು. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಪ್ರತಿ ಸಲ ಊಟ ಆದ ಮೇಲೆ. ಆದ್ರೆ ಬೆಳಿಗ್ಗೆ ಬಚ್ಚಲಲ್ಲಿ ಗಳಗಳ ಅಂತ ಮುಕ್ಕಳಿಸ್ತೀವಲ್ಲ ಹಾಗಲ್ಲ. ಸಿಸ್ಟರ್ ಲೋಟದಲ್ಲಿ ನೀರು ತಗೊಂಡು ಮಾಡೇ ತೋರಿಸಿದ್ರು: ಬಾಯಿಗೆ ನೀರು ತುಂಬ್ಕೊಂಡು ತುಟಿ ಮುಚ್ಚಿ ತಲೇನ ಮೆಲ್ಲಗೆ ಈ ಭುಜಕ್ಕೆ ಆ ಭುಜಕ್ಕೆ ವಾಲಿಸೋದು, ಆಮೇಲೆ ಬಾಯಿ ತೆರೆದು ಬೇಸಿನ್‌ಗೆ ಬಗ್ಗಿದ್ರೆ ನೀರು ತಾನಾಗೇ ಬೀಳುತ್ತೆ, ಉಗಿಯೋ ಮಾತೇ ಇಲ್ಲ. ಮೌತ್‌ವಾಶ್ ಕೊಟ್ಟಿದ್ದು ಕ್ಲೋರ್‌ಹೆಕ್ಸಿಡಿನ್, ಅದನ್ನ ಪೇಸ್ಟ್ ಹಚ್ಚಿ ಉಜ್ಜಿದ ಕೂಡ್ಲೇ ಹಾಕ್ಬೇಡಿ, ಅರ್ಧ ಗಂಟೆ ಬಿಟ್ಟು ಹಾಕಿ, ವಾರಗಟ್ಟಲೆ ಎಳೆದ್ರೆ ಹಲ್ಲು ಕಂದು ಆಗುತ್ತೆ ಅಂತಾನೂ ಹೇಳಿದ್ರು. ಬಾಕಿ ಹಲ್ಲು ಮಾರನೇ ದಿನದಿಂದಲೇ ಮೆತ್ತಗೆ ಉಜ್ಜಿ, ಗಾಯದ ಹತ್ರ ಹೋಗ್ಬೇಡಿ.

ನಮ್ಮ ಚಿಕ್ಕಮ್ಮನ ಕಥೆ ನೋಡಿದ ಮೇಲೆ ಇದೆಲ್ಲಾ ಎಷ್ಟು ಬೆಲೆಬಾಳುತ್ತೆ ಅಂತ ನನಗೆ ಗೊತ್ತು. ಅವ್ರು ತೆಗೆಸಿದ್ದು ಬೇರೆ ಊರಲ್ಲಿ, ಬೇರೆ ಕಡೆ, ಹೆಸರು ಬೇಡ. ಮಾತ್ರೆ ಚೀಟಿ ಬಿಟ್ರೆ ಒಂದು ಮಾತೂ ಹೇಳಿ ಕಳಿಸಿರ್ಲಿಲ್ಲ. ಬಾಯಿ ಕ್ಲೀನಾಗಿರ್ಲಿ ಅಂತ ಅವತ್ತೇ ಜೋರಾಗಿ ಮುಕ್ಕಳಿಸಿದಾರೆ, ಪಾಪ. ಎರಡು ದಿನ ಕಮ್ಮಿ ಆಗ್ತಾ ಬಂದ ನೋವು ಆಮೇಲೆ ತಿರುಗಿ ನಿಂತು ಕಿವಿ ತನಕ ಸಿಡಿಯೋಕೆ ಶುರು, ಬಾಯಲ್ಲಿ ಕೆಟ್ಟ ವಾಸನೆ, ಮಾತ್ರೆಗೂ ಬಗ್ಗಲ್ಲ. ಕಿವಿನೋವು ಅಂತ ಕಿವಿಗೆ ಡ್ರಾಪ್ಸ್ ಹಾಕ್ಕೊಂಡು ಕೂತಿದ್ರು. ಯಾರೋ ಹೇಳಿದ್ರು ಅಂತ ಗುಂಡಿಗೆ ಲವಂಗ ಬೇರೆ ತುರುಕಿದ್ರು. ಕೊನೆಗೆ ಇನ್ನೊಬ್ಬ ಡಾಕ್ಟ್ರು ಗಾಯ ತೊಳೆದು ಔಷಧಿ ಪಟ್ಟಿ ಇಟ್ರು, ಅವತ್ತೇ ರಾತ್ರಿ ನಿದ್ದೆ ಬಂತು. ನೋವು ದಿನದಿಂದ ದಿನಕ್ಕೆ ಇಳೀಬೇಕು, ಮೂರನೇ ದಿನದಿಂದ ಐದನೇ ದಿನದೊಳಗೆ ವಾಪಸ್ ಏರಿದ್ರೆ ಅದು ಡ್ರೈ ಸಾಕೆಟ್ ಇರ್ಬಹುದು, ಹೋಗಿ ತೋರಿಸಿ, ಈ ಒಂದು ವಾಕ್ಯ ಯಾರಾದ್ರೂ ಹೇಳಿದ್ರೆ ಸಾಕಿತ್ತು ಆ ಹೆಂಗಸಿಗೆ. ಆ ಪಟ್ಟೀಲೂ ಲವಂಗದ ಎಣ್ಣೆಯ ಅಂಶ ಯೂಜಿನಾಲ್ ಇರುತ್ತೆ, ಆದ್ರೆ ಡಾಕ್ಟ್ರು ತೊಳೆದು ಅಳತೆಯಾಗಿ ಇಡೋದು ಬೇರೆ, ನಾವು ಡಬ್ಬಿಯಿಂದ ತೆಗೆದು ತುರುಕೋದು ಬೇರೆ.

ಕವಳದ ವಿಷಯ ಬರೀದೆ ಬಿಟ್ರೆ ಮಲೆನಾಡಿನವರಿಗೆ ಈ ರಿವ್ಯೂ ಅರ್ಧಂಬರ್ಧ ಆಗುತ್ತೆ. ನಾವು ಉಣ್ಣೋ ಅನ್ನ ಅಡಿಕೆದು, ಅದ್ರ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಡಾಕ್ಟ್ರು ಮೊದಲು ನನ್ನ ಬಾಯಿ ತೆರೆಸಿ ಮೂರು ಬೆರಳು ನೆಟ್ಟಗೆ ಹಿಡಿಸುತ್ತಾ ಅಂತ ನೋಡಿದ್ದು ಎಂತಕ್ಕೆ ಅಂದ್ರೆ, ವರ್ಷಗಟ್ಟಲೆ ಅಡಿಕೆ ಜಗಿಯೋರಿಗೆ ಕೆನ್ನೆ ಒಳಗಿನ ಚರ್ಮ ಬಿಗಿದು ನಾರಿನ ಹಾಗೆ ಆಗಿ ಬಾಯಿ ತೆರೆಯೋದೇ ಕಮ್ಮಿ ಆಗಿರುತ್ತೆ, ಅಂಥವರಿಗೆ ಈ ಹಿಂದಿನ ಹಲ್ಲು ತೆಗೆಯೋದೂ ಕಷ್ಟ, ಆಮೇಲೆ ಕ್ಲೀನ್ ಮಾಡ್ಕೊಳ್ಳೋದೂ ಕಷ್ಟ. ತಂಬಾಕು ಇಲ್ಲದ ಬರೀ ಅಡಿಕೇನೂ ಕ್ಯಾನ್ಸರ್ ತರೋ ಪಟ್ಟೀಲಿ ಇದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹಾಗೆ ಹೇಳಿದೆ. ಡಾಕ್ಟ್ರು ಇದನ್ನ ಬೈದು ಹೇಳ್ಲಿಲ್ಲ, ಹೆದರಿಸ್ಲೂ ಇಲ್ಲ. ಹಲ್ಲು ತೆಗೆಸಿದೋರು ಕವಳ, ಗುಟ್ಕ, ಬೀಡಿ ಸಿಗರೇಟು ಗಾಯ ಮುಚ್ಚೋ ತನಕ ಮುಟ್ಬೇಡಿ, ಅಡಿಕೆ ಚೂರು ಗುಂಡೀಲಿ ಕೂರುತ್ತೆ, ಸುಣ್ಣ ಗಾಯ ಸುಡುತ್ತೆ, ಹೊಗೆ ಎಳೆದ್ರೆ ಹೆಪ್ಪು ಕಿತ್ತು ಬರುತ್ತೆ, ಬಿಟ್ಟಿದ್ದು ಬಿಟ್ಟೇ ಇದ್ರೆ ಇನ್ನೂ ಒಳ್ಳೇದು ಅಂತ ಮನೆಯವರ ಹಾಗೆ ಹೇಳಿದ್ರು.

ಒಂದು ಸ್ಟಾರ್ ಯಾಕೆ ಕಡಿಮೆ ಅಂದ್ರೆ, ಮೊದಲನೇ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ವಯಸ್ಸಾದೋರಿಗೆ ಕಷ್ಟ. ಅಪಾಯಿಂಟ್‌ಮೆಂಟ್ ಇದ್ರೂ ಕಾಯಿಸ್ತಾರೆ, ಬಸ್ ಟೈಮ್ ನೋಡ್ಕೊಂಡು ಬಂದಿರೋರಿಗೆ ಅದು ತಲೆಬಿಸಿ. ಹೊಲಿಗೆ ತೆಗೆಸೋಕೆ ವಾರ ಬಿಟ್ಟು ಮತ್ತೆ ಇಷ್ಟು ದೂರ ಬರ್ಬೇಕಾಯ್ತು, ಕರಗೋ ದಾರ ಸಿಗುತ್ತಲ್ಲ, ದೂರದವರಿಗೆ ಅದನ್ನ ಹಾಕ್ಬಹುದಾ ಅಂತ ಮೊದಲೇ ಕೇಳ್ಬೇಕು ಇವ್ರು. ಮತ್ತೆ ಇದು ಎಲ್ಲಕ್ಕಿಂತ ಮುಖ್ಯ, ಹಾಳೇಲಿ ಕ್ಲಿನಿಕ್ ನಂಬರ್ ಮಾತ್ರ ಇದೆ, ರಾತ್ರಿ ಏನಾದ್ರೂ ಆದ್ರೆ ಎಲ್ಲಿಗೆ ಹೋಗ್ಬೇಕು ಅಂತ ಇಲ್ಲ. ಒತ್ತಿ ಹಿಡಿದ್ರೂ ರಕ್ತ ನಿಲ್ತಿಲ್ಲ, ಜ್ವರ ಬಂತು, ಕೀವು ಬರ್ತಿದೆ, ಊತ ಕುತ್ತಿಗೆಗೆ ಇಳಿದು ನುಂಗೋಕೆ, ಉಸಿರಾಡೋಕೆ ಕಷ್ಟ ಆಗ್ತಿದೆ ಅಂದ್ರೆ ಬೆಳಗಾಗ್ಲಿ ಅಂತ ಕಾಯೋ ಹಾಗಿಲ್ಲ. ಶಿವಮೊಗ್ಗ ಹತ್ರ ಇರೋರು ಮೆಗ್ಗಾನ್ ಆಸ್ಪತ್ರೆ ಎಮರ್ಜೆನ್ಸಿಗೆ, ದೂರ ಇರೋರು ತಾಲೂಕು ಆಸ್ಪತ್ರೆಗೆ ಅಂತ ದಪ್ಪ ಅಕ್ಷರದಲ್ಲಿ ಹಾಕ್ಸಿ, ಇದು ನನ್ನ ಕಳಕಳಿಯ ಮನವಿ.

ಹೊಲಿಗೆ ತೆಗೆದ ದಿನ ಸೂಜಿ ಇಲ್ಲದ ಬಗ್ಗಿದ ಮೂತಿಯ ಪ್ಲಾಸ್ಟಿಕ್ ಸಿರಿಂಜ್ ಕೊಟ್ಟು, ಇನ್ಮೇಲೆ ಊಟ ಆದ ಮೇಲೆ ಗುಂಡಿಯೊಳಗೆ ಮೆಲ್ಲಗೆ ನೀರು ಹಾಯಿಸಿ ತೊಳೀರಿ ಅಂತ ಕನ್ನಡಿ ಹಿಡಿದು ತೋರಿಸಿದ್ರು. ಮೊದಲ ಸಲ ಹಾಯಿಸಿದಾಗ ಎರಡು ಅಗುಳು ಹೊರಗೆ ಬಂತು ನೋಡಿ, ಅಷ್ಟು ದಿನ ಅಲ್ಲೇ ಕೂತಿತ್ತು. ಮೇಲೆ ವಸಡು ಮುಚ್ಚೋಕೆ ಮೂರು ನಾಲ್ಕು ವಾರ, ಒಳಗೆ ಮೂಳೆ ತುಂಬೋಕೆ ತಿಂಗಳುಗಟ್ಟಲೆ ಬೇಕಂತೆ. ಬಲಗಡೆದು ನೆಟ್ಟಗೆ ಬಂದಿದೆ, ತೊಂದ್ರೆ ಕೊಡ್ತಿಲ್ಲ, ಸುಮ್ನೆ ತೆಗೆಯೋದು ಬೇಡ ಅಂದ್ರು, ದುಡ್ಡಿಗೆ ಕೆಲಸ ಮಾಡೋರಾಗಿದ್ರೆ ಅದನ್ನೂ ಕಿತ್ತಿರೋರು. ಅಪ್ಪಯ್ಯನ ಬಾಯಿ ಒಂದ್ಸಲ ಇವ್ರಿಗೇ ತೋರಿಸ್ಬೇಕು ಅಂತ ಮಾತಾಗಿದೆ, ಮೊದಲು ಬೇಡ ಅಂತಿದ್ದೋರು ಈಗ ಅಡಿಕೆ ಕೊನೆ ಕೊಯ್ಲು ಮುಗಿದ ಮೇಲೆ ಹೋಗೋಣ ಅಂದಿದಾರೆ. ಬರೋರು ಬೆಳಿಗ್ಗೆ ಬಸ್ಸಿಗೇ ಹೊರಡಿ, ಹೊಟ್ಟೆ ತುಂಬ ತಿಂದು ಬನ್ನಿ, ಜೊತೆಗೆ ಒಬ್ರು ಇರ್ಲಿ, ಒಂದು ದಪ್ಪ ಟವೆಲ್, ಒಂದು ಲೋಟ ಬ್ಯಾಗಲ್ಲಿ ಹಾಕ್ಕೊಳ್ಳಿ.